ಸಹಿ ಹಾಕದೆ ಹೋದ ವಕೀಲರು

ನಮ್ಮ ವಕೀಲರು ತೀರಿಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ, ಕಿರಿಯ ವಕೀಲರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ವಕೀಲರ ಸಂಘದಿಂದ ನೆನಪಿನ ಸಂಚಿಕೆ ತರುತ್ತಾರಂತೆ. "ಮೇಡಂ, ಸಾಹೇಬ್ರ ಸಾಧನೆ ಬಗ್ಗೆ ಒಂದು ಪುಟ ಮಾಡಿಕೊಡ್ರಿ. ನಿಮಗಿಂತ ಚೆನ್ನಾಗಿ ಬಲ್ಲೋರು ಇನ್ಯಾರದಾರೆ?" ಎಂದರು. ಮಾತು ನಿಜ. ದಾವಣಗೆರೆಯ ವಿನೋಬನಗರದಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿ ಇಪ್ಪತ್ತಾರು ವರ್ಷ ಕೂತು ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡಿದವಳು ನಾನು. ಮೊದಲು ಮಷೀನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಕೇಳಿದಂತೆ ಒಂದು ಪುಟ ಮಾಡಿಕೊಟ್ಟೆ. ಸಂಚಿಕೆ ಅಚ್ಚಾಗಿ ಬಂತು. ಪೇಟ ತೊಟ್ಟ ಅವರ ಫೋಟೋ, ಕೆಳಗೆ ಬಿರುದು, ಅದರ ಕೆಳಗೆ ಗೆದ್ದ ಕೇಸುಗಳ ಪಟ್ಟಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಓದಿ ಮುಗಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಆ ಪುಟದಲ್ಲಿ ನಾನು ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಕಾರ್ಮಿಕರ ಪರವಾಗಿ ಮಾತ್ರ ವಾದಿಸುವ ವಕೀಲರು. ಊರಿನಲ್ಲಿ ಎಲ್ಲರ ಬಾಯಲ್ಲೂ 'ಲೇಬರ್ ವಕೀಲ್ರು'. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಅವರ ಜಗಲಿಯ ಮೇಲೆ ಕೂರಲು ಜಾಗವಿರುತ್ತಿರಲಿಲ್ಲವಂತೆ. ನಾನು ಸೇರಿದಾಗಲೂ ಬೆಳಿಗ್ಗೆ ಏಳಕ್ಕೇ ಹತ್ತು ಜೊತೆ ಚಪ್ಪಲಿ ಹೊರಗಿರುತ್ತಿದ್ದವು. ಕೆಲಸ ಕಳೆದುಕೊಂಡವನು ಒಳಗೆ ಬಂದು ಅಳತೊಡಗಿದರೆ ಅವರು ಕನ್ನಡಕ ತೆಗೆದು ಕೊರಳಿನ ಬಿಳಿ ಬ್ಯಾಂಡಿನ ತುದಿಯಿಂದ ಒರೆಸುತ್ತ ಕೂರುತ್ತಿದ್ದರು. ಒರೆಸಿ ಮುಗಿದ ಮೇಲೆ ಒಂದೇ ಪ್ರಶ್ನೆ.

"ಕಾಗದ ಏನೈತೆ?"

ಕಾಗದವಿಲ್ಲ, ಬಾಯಲ್ಲಿ ಹೇಳಿ ಕಳಿಸಿದರು ಎಂದರೆ ಸಿಡುಕುತ್ತಿದ್ದರು. "ಅವ್ರು ಬಾಯಾಗೆ ಹೇಳಿದ್ರೆ ನೀನು ಕಿವಿಯಾಗೆ ಕೇಳಿ ಬಂದುಬಿಡೋದಾ? ಬರೆದು ಕೊಡ್ರಿ ಅನ್ನಬೇಕು." ಹೆಬ್ಬೆಟ್ಟು ಒತ್ತಲು ಅವರ ಆಫೀಸಿನಲ್ಲಿ ಅವಕಾಶವೇ ಇರಲಿಲ್ಲ. ಹಳೆಯ ಕಾಗದದ ಹಿಂಬದಿ ಕೊಟ್ಟು ಸಹಿ ಕಲಿಸುತ್ತಿದ್ದರು. ನಲವತ್ತು ವರ್ಷದ ಗಂಡಸರು ನನ್ನ ಮೇಜಿನ ಪಕ್ಕ ನೆಲದ ಮೇಲೆ ಕೂತು ನಾಲಿಗೆ ಕಚ್ಚಿಕೊಂಡು ತಮ್ಮ ಹೆಸರು ಬರೆಯುವುದನ್ನು ನೋಡಿದ್ದೇನೆ. ಜೊತೆಗೆ ಇನ್ನೊಂದು ಪಾಠ. ಯಾವ ಕಾಗದ ಬಂದರೂ ಮೊದಲು ಕೆಳಗೆ ನೋಡಬೇಕು. ಸಹಿ ಇದೆಯಾ, ಮೊಹರು ಇದೆಯಾ, ತಾರೀಕು ಇದೆಯಾ. ಆಮೇಲೆ ಮೇಲಿನಿಂದ ಓದಬೇಕು. "ಸಹಿ ಇಲ್ದಿದ್ದು ಕಾಗದ ಅಲ್ಲ, ಮಂಡಕ್ಕಿ ಕಟ್ಟಾಕೆ ಬರುತ್ತೆ ಅಷ್ಟೆ" ಎನ್ನುತ್ತಿದ್ದರು. ಸಂಜೆ ನಾಲ್ಕಕ್ಕೆ ಮಿರ್ಚಿ ಮಂಡಕ್ಕಿ ತರಿಸಿದಾಗ ಅದನ್ನು ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಮನುಷ್ಯ.

ಅವರು ಕೂತು ಹೇಳಿ ಬರೆಸಿದವರಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತ ಹೇಳುವುದು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಗಟ್ಟಿಯಾಗಿ ಕೂಗುವುದು. ಪಕ್ಕದ ಮನೆಯವರಿಗೆ ನಮ್ಮ ಅರ್ಜಿಗಳೆಲ್ಲ ಬಾಯಿಪಾಠವಾಗಿದ್ದವು. ಕೇಸು ಗೆದ್ದರೆ 'ಗೆದ್ದೆವು' ಎಂದು ಅವರು ಎಂದೂ ಹೇಳಲಿಲ್ಲ. "ಆರ್ಡರ್ ಆತು" ಎಂದಷ್ಟೇ ಹೇಳಿ ಒಳಗೆ ಹೋಗಿ ಕೈಕಾಲು ತೊಳೆಯುತ್ತಿದ್ದರು. ನನಗೆ ಆ ನಡವಳಿಕೆ ತುಂಬ ಹಿಡಿಸಿತ್ತು. ಈಗಲೂ ಹಿಡಿಸುತ್ತದೆ, ಅದೇ ನನ್ನ ಕಷ್ಟ.

ಹರಿಹರದ ಹೊರಗೆ ಒಂದು ಸಣ್ಣ ಫೌಂಡ್ರಿ ಇತ್ತು. ಕಬ್ಬಿಣ ಕರಗಿಸಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಎರೆದು ಕೊಡುವ ಜಾಗ. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿ ಏನೋ ಗಲಾಟೆಯಾಗಿ ಹನ್ನೊಂದು ಜನರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ತೆಗೆದುಹಾಕಿದ್ದೇವೆ ಎಂಬ ಕಾಗದ ಕೊಡಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಇಟ್ಟ, ಅಷ್ಟೆ. ಕೇಳಿದವರಿಗೆ ಆಡಳಿತದವರು, "ಅವರೇ ಕೆಲಸ ಬಿಟ್ಟು ಹೋದರು" ಎಂದು ಉತ್ತರ ಕೊಟ್ಟರು.

ಹನ್ನೊಂದು ಜನರೂ ನಮ್ಮ ಜಗಲಿಗೆ ಬಂದರು. ಅವರಲ್ಲಿ ಕೊನೆಗೆ ಒಳಗೆ ಬಂದವನು ಕೆಂಚಪ್ಪ. ಮೂವತ್ತಾರು ವರ್ಷ, ಗಟ್ಟಿ ಆಳು. ಕಪ್ಪು ಮಣ್ಣಿನಲ್ಲಿ ಅಚ್ಚು ಕಟ್ಟುವ ಮೌಲ್ಡರ್. ಉಗುರಿನ ಸಂದಿಯಲ್ಲಿ ಆ ಕಪ್ಪು ಸದಾ ಇರುತ್ತಿತ್ತು. ನಮ್ಮ ವಕೀಲರು ಕನ್ನಡಕ ಒರೆಸಿ ಹಾಕಿಕೊಂಡು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನೋಡ್ರಪ್ಪಾ, ನೀವು ಕೆಲಸ ಬಿಟ್ಟು ಹೋದ್ರಿ ಅಂತಾರೆ ಅವ್ರು. ಬಿಟ್ಟಿಲ್ಲ ಅಂತ ತೋರಿಸಬೇಕಂದ್ರೆ ಒಂದೇ ದಾರಿ. ದಿನಾ ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹೋಗ್ರಿ, ಗೇಟಿನ ಮುಂದೆ ನಿಂದ್ರಿ. ಬಿಡಲಿಲ್ಲ ಅಂದ್ರೆ ಎಂಟಕ್ಕೆ ವಾಪಸ್ ಬರ್ರಿ. ತಿಂಗಳಿಗೊಂದು ಕಾಗದ ರಿಜಿಸ್ಟರ್ ಮಾಡ್ರಿ, ನಾನು ಕೆಲಸಕ್ಕೆ ಬಂದೀನಿ, ಬಿಡವಲ್ರಿ ಅಂತ. ನಾನು ಹೇಳೋವರೆಗೂ ನಿಲ್ಲಿಸಬ್ಯಾಡ್ರಿ."

ಹತ್ತು ಜನ ಮೂರು ತಿಂಗಳು, ಆರು ತಿಂಗಳು ನಿಂತರು. ಹೊಟ್ಟೆ ಕೇಳಬೇಕಲ್ಲ, ಒಬ್ಬೊಬ್ಬರಾಗಿ ಕಳಚಿಕೊಂಡರು. ಒಬ್ಬ ನಮ್ಮ ಬೀದಿಯಲ್ಲೇ ಆಟೋ ಓಡಿಸತೊಡಗಿದ. ಒಬ್ಬ ಮಾಯಕೊಂಡದಲ್ಲಿ ಹಿಟ್ಟಿನ ಗಿರಣಿ ಹಾಕಿದ. ಕೆಂಚಪ್ಪ ನಿಂತ. ಬೆಳಿಗ್ಗೆ ಆರೂವರೆಗೆ ಖಾಕಿ ಅಂಗಿ ತೊಟ್ಟು, ಬುತ್ತಿ ಹಿಡಿದು, ಗೇಟಿನ ಎಡಗಡೆಯ ಕಂಬದ ಹತ್ತಿರ ಎಂಟರವರೆಗೆ. ಬುತ್ತಿ ಯಾಕೆ ಎಂದು ಒಮ್ಮೆ ಕೇಳಿದೆ. "ಅಕಸ್ಮಾತ್ ಒಳಗೆ ಬಿಟ್ರೆ ಮಧ್ಯಾಹ್ನಕ್ಕೆ ಬೇಕಲ್ರಿ ಅಕ್ಕಾರೆ" ಎಂದ.

ಪ್ರತಿ ತಿಂಗಳು ಮೊದಲನೇ ಸೋಮವಾರ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದ. ನಾನು ಕಾಗದ ಟೈಪ್ ಮಾಡಿಡುತ್ತಿದ್ದೆ. ಅವನು ಮೊದಲು ಕೆಳಗೆ ನೋಡಿ, ತನ್ನ ಹೆಸರಿಗೆ ಜಾಗವಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೇಲಿನಿಂದ ಪೂರ್ತಿ ಓದುತ್ತಿದ್ದ. ತಿಂಗಳು ತಿಂಗಳೂ ಅದೇ ಕಾಗದ, ತಾರೀಕು ಮಾತ್ರ ಬೇರೆ. ಆದರೂ ಪೂರ್ತಿ ಓದುತ್ತಿದ್ದ. ಓದಿ ಸಹಿ. ಮಗಳ ಮದುವೆಗೆ ಮೂರು ದಿನ ಗೇಟಿಗೆ ಹೋಗಲಾಗುವುದಿಲ್ಲ ಎಂದಾಗ ನಮ್ಮ ವಕೀಲರು ರಜೆ ಅರ್ಜಿ ಬರೆಸಿ ಕಳಿಸಿದರು. ಕೆಲಸವೇ ಇಲ್ಲದವನ ರಜೆ ಅರ್ಜಿ! ಟೈಪ್ ಮಾಡುತ್ತ ನನಗೆ ನಗು ತಡೆಯಲಾಗಲಿಲ್ಲ. ಅವರಿಬ್ಬರೂ ನಗಲಿಲ್ಲ.

ಈ ನಡುವೆ ಒಂದು ದಿನ ಕೆಂಚಪ್ಪ ಸೋಮವಾರ ಅಲ್ಲದ ದಿನ ಬಂದ. ಕೇಸು ಶುರುವಾಗಿ ನಾಲ್ಕನೇ ವರ್ಷ. ದಾವಣಗೆರೆಯ ಇನ್ನೊಂದು ಫೌಂಡ್ರಿಯಲ್ಲಿ ಒಳ್ಳೆ ಮೌಲ್ಡರ್ ಬೇಕಾಗಿದ್ದ. ಇವನ ಕೈ ಕೆಲಸ ಬಲ್ಲವರು ಯಾರೋ ಹೇಳಿದ್ದರು. ಕಾಯಂ ಕೆಲಸ, ಬರುವ ಸೋಮವಾರವೇ ಬಾ ಎಂದಿದ್ದರು. ಅವನ ಮುಖದಲ್ಲಿ ಅಷ್ಟು ಕಳೆ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹೆಂಡತಿ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿದು ಮನೆ ನಡೆಸುತ್ತಿದ್ದಳು, ಆ ಬಿಸಿಗೆ ಅವಳ ಕಣ್ಣು ಕೆಟ್ಟಿತ್ತು. "ಅವಳನ್ನ ಬಿಡಿಸಿಬಿಡ್ತೀನ್ರಿ" ಎಂದು ನನಗೇ ಮೊದಲು ಹೇಳಿದ.

ವಕೀಲರು ಕೇಳಿಸಿಕೊಂಡು ಬಹಳ ಹೊತ್ತು ಕನ್ನಡಕ ಒರೆಸಿದರು.

"ಸೇರಬ್ಯಾಡ ಕೆಂಚಪ್ಪ. ಕೇಸು ಕೆಡುತ್ತೆ. ಬ್ಯಾರೆ ಕಡೆ ಕಾಯಂ ಆದ ಅಂತ ಅವ್ರಿಗೆ ಗೊತ್ತಾದ್ರೆ, ನೋಡ್ರಿ ಅವನೇ ಬಿಟ್ಟು ಹೋದ ಅಂತಾರೆ. ಇಷ್ಟು ವರ್ಷ ನಿಂತಿದ್ದು ನೀರಾಗೆ ಹೋಗುತ್ತೆ. ಇನ್ನೊಂದು ವರ್ಷ ತಡಕೋ, ನಿಂಗೆ ಆರ್ಡರ್ ತಂದುಕೊಡೋ ಜವಾಬ್ದಾರಿ ನಂದು."

"ಆತ್ರಿ" ಎಂದ ಕೆಂಚಪ್ಪ. ಎದ್ದು, ಚಪ್ಪಲಿ ಮೆಟ್ಟಿ ಹೋದ. ವಕೀಲರು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಯಾವ ಲೇಬರ್ ವಕೀಲರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಮುಂದಿನ ಪುಟ ಟೈಪ್ ಮಾಡಿದೆ.

ಒಂದು ವರ್ಷ ಎರಡಾಯಿತು. ಲೇಬರ್ ಕೋರ್ಟಿನಲ್ಲಿ ಅವರ ವಾದದ ದಿನ ನಾನೂ ಫೈಲು ಹೊತ್ತು ಹೋಗಿದ್ದೆ. ಫೌಂಡ್ರಿಯ ಮ್ಯಾನೇಜರು ಕಟಕಟೆಯಲ್ಲಿ ನಿಂತು, ಈ ಕೆಂಚಪ್ಪ ತಾನಾಗಿಯೇ ಕೆಲಸ ಬಿಟ್ಟ ಎಂದರು. ನಮ್ಮವರು ಗದ್ದಲ ಮಾಡಲಿಲ್ಲ. ಗೇಟಿನ ವಾಚ್‌ಮನ್ ಬರೆದಿಡುತ್ತಿದ್ದ ಪುಸ್ತಕವನ್ನು ಕೋರ್ಟಿಗೆ ತರಿಸಿದ್ದರು. ಅದನ್ನು ತೆರೆದು ಒಂದೊಂದೇ ಸಾಲು ಓದಿಸಿದರು. 'ಕೆಂಚಪ್ಪ ಬಂದ. ಬಿಡಲಿಲ್ಲ. ಹೋದ.' ಮರುದಿನ ಅದೇ. ಅದರ ಮರುದಿನ ಅದೇ. ಅರ್ಧ ಗಂಟೆ ಮ್ಯಾನೇಜರಿಂದ ಅದನ್ನೇ ಓದಿಸಿದರು. ಕೊನೆಕೊನೆಗೆ ಆ ಮನುಷ್ಯನ ದನಿ ಉಡುಗಿಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು, ಹೆಮ್ಮೆಯಿಂದ. ಸುಳ್ಳು ಯಾಕೆ ಹೇಳಲಿ, ಆ ದಿನ ಅವರು ನನಗೆ ದೇವರ ಹಾಗೆ ಕಂಡರು.

ಆರ್ಡರ್ ಆಯಿತು. ಕೆಂಚಪ್ಪನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಸೇವೆ ಮುರಿದೇ ಇಲ್ಲ ಎಂದು ತಿಳಿಯಬೇಕು. ಫೌಂಡ್ರಿಯವರು ಹೈಕೋರ್ಟಿಗೆ ಹೋದರು. ಮತ್ತೆ ನಾಲ್ಕು ವರ್ಷ. ಅಲ್ಲೂ ನಮ್ಮದೇ ಆಯಿತು. ದಿನವೂ ಗೇಟಿನ ಮುಂದೆ ನಿಂತವನನ್ನು ಕೆಲಸ ಬಿಟ್ಟವನು ಎನ್ನಲಾಗದು ಎಂಬ ಮಾತು ಆ ತೀರ್ಪಿನಲ್ಲಿತ್ತು. ಅದು ಕಾನೂನಿನ ಪುಸ್ತಕದಲ್ಲಿ ಅಚ್ಚಾಯಿತು. ವಕೀಲರು ಅದಕ್ಕೆ 'ಗೇಟ್ ಜಡ್ಜ್‌ಮೆಂಟು' ಎಂದು ಹೆಸರಿಟ್ಟರು. ಎಲ್ಲೆಲ್ಲಿಂದಲೋ ಫೋನು. ಯಾವುದೋ ಊರಿನ ವಕೀಲರು, ನಿಮ್ಮ ಜಡ್ಜ್‌ಮೆಂಟ್ ತೋರಿಸಿ ಮೂವತ್ತು ಜನರನ್ನು ಒಳಗೆ ಸೇರಿಸಿದೆ ಸಾರ್ ಎಂದರು. ಅವರೆಲ್ಲ ನಿಜವಾಗಿಯೂ ಒಳಗೆ ಹೋದರು. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಹರಿಹರದ ಫೌಂಡ್ರಿ, ತೀರ್ಪು ಬರುವುದಕ್ಕೆ ಆರು ತಿಂಗಳ ಮುಂಚೆಯೇ ಮುಚ್ಚಿಹೋಗಿತ್ತು. ಯಂತ್ರಗಳನ್ನು ಲಾರಿಗೆ ಹಾಕಿ ಸಾಗಿಸುವುದನ್ನು ಕೆಂಚಪ್ಪ ಗೇಟಿನಲ್ಲೇ ನಿಂತು ನೋಡಿದ್ದ. ಕೊನೆಗೆ ವಾಚ್‌ಮನ್ನೂ ಹೋದ. ಆದೇಶ ಜಾರಿ ಮಾಡಿಸಲು ನಮ್ಮವರು ಹಾಕಿದ ಅರ್ಜಿ ಇವತ್ತಿಗೂ ನಡೆಯುತ್ತಿದೆ. ಎದುರು ಪಾರ್ಟಿ ಎಂದು ಕಾಗದದ ಮೇಲೆ ಒಂದು ಹೆಸರು ಇದೆ, ಅಷ್ಟೆ. ತಿಂಗಳ ಕಾಗದಗಳು ವಿಳಾಸದಾರರು ಇಲ್ಲ ಎಂಬ ಷರಾ ಹೊತ್ತು ವಾಪಸು ಬರತೊಡಗಿದವು. "ಒಡೀಬ್ಯಾಡವ್ವಾ, ಮುಚ್ಚಿದ ಲಕೋಟೇನೇ ಸಾಕ್ಷಿ" ಎಂದು ವಕೀಲರು ಅವನ್ನು ಬೀರುವಿನಲ್ಲಿ ಜೋಡಿಸಿಟ್ಟರು. ಒಂದು ಬೀರು ತುಂಬಿ ಇನ್ನೊಂದಕ್ಕೆ ದಾಟಿತು.

ಫೌಂಡ್ರಿ ಜಾಗವನ್ನು ಯಾರೋ ಕೊಂಡು ಕಲ್ಯಾಣ ಮಂಟಪ ಕಟ್ಟಿಸಿದರು. ಹಳೆಯ ಗೇಟು ಗಟ್ಟಿಯಿತ್ತೆಂದು ಅದನ್ನೇ ಉಳಿಸಿಕೊಂಡು ಬಂಗಾರದ ಬಣ್ಣ ಹೊಡೆಸಿದರು. ಕೆಂಚಪ್ಪ ಅದೇ ಎಡಗಡೆಯ ಕಂಬದ ಹತ್ತಿರ ನಿಂತ. ಮುಹೂರ್ತದ ದಿನಗಳಲ್ಲಿ ಹೆಣ್ಣಿನ ಕಡೆಯವರು ಅವನನ್ನು ಗಂಡಿನ ಕಡೆಯವನೆಂದು, ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದು ತಿಳಿದು ಪನ್ನೀರು ಚಿಮುಕಿಸಿ ಕೈಮುಗಿಯುತ್ತಿದ್ದರಂತೆ. ಒಬ್ಬರು ಕಾರಿನ ಕೀಲಿ ಕೈಗೆ ಕೊಟ್ಟು ಒಳಗೆ ಹೋದರಂತೆ. ಇದನ್ನು ಅವನೇ ನಗುತ್ತ ಹೇಳಿದ. ನಾನೂ ನಕ್ಕೆ. ಅವನು ಹೋದ ಮೇಲೆ ಅವನು ಕೂತಿದ್ದ ಬೆಂಚಿನಲ್ಲಿ ಪನ್ನೀರಿನ ವಾಸನೆ ಇತ್ತು.

ಇಷ್ಟಾದರೂ ಅವನಿಗೆ ಸಾಕು ನಿಲ್ಲಿಸು ಎಂದು ಯಾರೂ ಯಾಕೆ ಹೇಳಲಿಲ್ಲ? ಹೇಳಬೇಕಾದವರು ಒಬ್ಬರೇ. ಅವರು ಹೇಳುವವರೆಗೂ ನಿಲ್ಲಿಸಬಾರದು ಎಂದು ಅವರೇ ಹೇಳಿದ್ದರು.

ಐದು ವರ್ಷದ ಹಿಂದೆ ದಾವಣಗೆರೆಯಲ್ಲಿ ಕಾರ್ಮಿಕ ವಕೀಲರ ದೊಡ್ಡ ಸಮಾವೇಶ ನಡೆಯಿತು. ನಮ್ಮವರಿಗೆ ಸನ್ಮಾನ, ಬಿರುದು. ಜಿಲ್ಲೆ ಜಿಲ್ಲೆಯಿಂದ ಕರಿ ಕೋಟುಗಳು. ಅತಿಥಿಗಳು ಗೇಟ್ ಜಡ್ಜ್‌ಮೆಂಟಿನ ಪುಟದ ನಂಬರನ್ನು ಮಂತ್ರದ ಹಾಗೆ ಹೇಳಿದರು, ಸಭೆ ಚಪ್ಪಾಳೆ ತಟ್ಟಿತು. ನಾನು ಮಹಿಳೆಯರ ಸಾಲಿನಲ್ಲಿ ಕೂತಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ಹಿಂದೆ ತಿರುಗಿ ನೋಡುತ್ತೇನೆ, ಕೊನೆಯ ಸಾಲಿನಲ್ಲಿ ಖಾಕಿ ಅಂಗಿ. ಗೇಟಿನ ಹೊತ್ತು ಮುಗಿಸಿಕೊಂಡು ಬಂದಿದ್ದ. ಬುತ್ತಿ ತೊಡೆಯ ಮೇಲಿತ್ತು.

ಅತಿಥಿಗಳು ಭಾವುಕರಾಗಿಬಿಟ್ಟಿದ್ದರು. "ಆ ಬಡ ಕಾರ್ಮಿಕ ಇವತ್ತು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ಆದರೆ ಅವನ ಹೆಸರು ಕಾನೂನಿನಲ್ಲಿ ಶಾಶ್ವತ" ಎಂದರು.

ಹಿಂದಿನಿಂದ ದನಿ ಬಂತು. "ಇದೀನ್ರಿ."

ಕೆಂಚಪ್ಪ ಎದ್ದು ನಿಂತಿದ್ದ. ಹಾಜರಿ ಕೂಗಿದಾಗ ನಿಲ್ಲುವ ಹಾಗೆ, ಕೈ ಕಟ್ಟಿಕೊಂಡು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸಭೆಯೆಲ್ಲ ಹಿಂದೆ ತಿರುಗಿ ಚಪ್ಪಾಳೆ ಹೊಡೆಯಿತು, ಮೊದಲಿನದಕ್ಕಿಂತ ಜೋರಾಗಿ. ಯಾರೋ ಅವನನ್ನು ಮುಂದೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ಅತಿಥಿಗಳು ಕೈ ಕುಲುಕಿ, "ಈಗ ಸರ್ವೀಸ್‌ನಲ್ಲಿ ಇದ್ದೀರಾ?" ಎಂದು ಕೇಳಿದರು. "ಹೂಂನ್ರಿ, ಈಗ ಅಲ್ಲಿಂದಾನೆ ಬಂದೆ" ಎಂದ ಕೆಂಚಪ್ಪ. ಅತಿಥಿಗಳಿಗೆ ಬಹಳ ಸಂತೋಷವಾಯಿತು. ನಮ್ಮ ವಕೀಲರು ಪೇಟ ತೊಟ್ಟು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು, ನೆಲ ನೋಡುತ್ತ ಕೂತಿದ್ದರು.

ಇಳಿದು ಬರುವಾಗ ಕೆಂಚಪ್ಪ ಮೆಟ್ಟಿಲ ಹತ್ತಿರ ಕೇಳಿದ. ನಾನು ಪಕ್ಕದಲ್ಲೇ ಇದ್ದೆ.

"ಸಾಹೇಬ್ರೆ, ಇನ್ನ ಎಷ್ಟು ದಿನ ನಿಂದ್ರಬೇಕ್ರಿ?"

"ನೋಡಾನ ತಡಿ. ಹೇಳ್ತೀನಿ."

"ಆತ್ರಿ."

ಆ ಸಂಜೆ ಆಫೀಸಿಗೆ ಬಂದು ಪೇಟ ತೆಗೆದು ಮೇಜಿನ ಮೇಲಿಟ್ಟು, ಕಾಗದ ಹಾಕು ಎಂದರು. ಕಿಟಕಿಯಿಂದ ಬಾಗಿಲಿಗೆ ನಡೆಯುತ್ತ, ಕೆಂಚಪ್ಪನಿಗೆ ಒಂದು ಪತ್ರ ಹೇಳಿದರು. ನಿನ್ನ ಕೇಸಿನಲ್ಲಿ ಇನ್ನು ಆಗಬೇಕಾದದ್ದು ಏನೂ ಇಲ್ಲ. ಕಾರ್ಖಾನೆ ಇಲ್ಲದ್ದರಿಂದ ಆದೇಶ ಜಾರಿಯಾಗುವ ಸಾಧ್ಯತೆ ಇಲ್ಲ. ಇನ್ನು ಗೇಟಿಗೆ ಹೋಗಬೇಡ. ಬೇರೆ ಕೆಲಸ ನೋಡಿಕೋ. ನಾನು ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸು. ಐದೇ ಸಾಲು. ಅಲ್ಪವಿರಾಮ ಪೂರ್ಣವಿರಾಮಗಳನ್ನು ಅವತ್ತು ಕೂಗಲಿಲ್ಲ, ನಾನೇ ಹಾಕಿದೆ. ಕಾಗದ ಕೈಗೆ ಕೊಟ್ಟೆ. ಎರಡು ಸಲ ಓದಿದರು, ಪೆನ್ನು ತೆಗೆದರು, ಕ್ಯಾಪು ಮುಚ್ಚಿದರು. ನಾಳೆ ಹಾಕುತ್ತೇನೆಂದು ಡ್ರಾಯರಿನಲ್ಲಿಟ್ಟರು.

ನಾಳೆ ಬರಲಿಲ್ಲ. ತಿಂಗಳಾಯಿತು, ಕೆಂಚಪ್ಪ ಬಂದ, ಎಂದಿನ ತಿಂಗಳ ಕಾಗದಕ್ಕೇ ಸಹಿ ಮಾಡಿ ಹೋದ. ವರ್ಷ ಕಳೆದು ಮತ್ತೊಂದು ಸಲ ಅದೇ ಪತ್ರವನ್ನು ಹೊಸ ತಾರೀಕು ಹಾಕಿ ತೆಗೆಸಿದರು. ಅದಕ್ಕೂ ಸಹಿ ಬೀಳಲಿಲ್ಲ. ಮೂರನೇ ಸಲ ನನಗೆ ತಡೆಯಲಾಗಲಿಲ್ಲ. "ಸಾರ್, ಇದಕ್ಕೆ ಯಾವಾಗ ಸಹಿ ಹಾಕ್ತೀರಿ? ಅವನ ಕೂದಲು ಪೂರಾ ಬೆಳ್ಳಗಾತು" ಎಂದೆ.

"ಸಹಿ ಹಾಕಿದ್ರೆ ಅವನು ಇಷ್ಟು ವರ್ಷ ನಿಂತಿದ್ದೆಲ್ಲ ಸುಳ್ಳಾಗುತ್ತೆ ಕಣವ್ವಾ."

"ಅವನು ನಿಂತಿದ್ದು ಸುಳ್ಳಾಗುತ್ತೋ, ನೀವು ಗೆದ್ದಿದ್ದು ಸುಳ್ಳಾಗುತ್ತೋ?"

ಅಂದದ್ದು ಹೆಚ್ಚಾಯಿತು ಎಂದು ಅಂದ ಕೂಡಲೇ ಗೊತ್ತಾಯಿತು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿಯೇ ಒರೆಸಿದರು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಮಿರ್ಚಿಯ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು, "ಅವತ್ತು ಆ ಇನ್ನೊಂದು ಫೌಂಡ್ರಿಗೆ ಹೋಗು ಅನ್ನಬೇಕಿತ್ತು ನಾನು" ಎಂದರು. ಅಷ್ಟೇ. ಆಮೇಲೆ ಆ ವಿಷಯ ಇಬ್ಬರೂ ಎತ್ತಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೋರ್ಟಿಗೆ ಹೊರಟವರು ಜಗಲಿಯ ಮೇಲೆ ಕೂತರು, ಏಳಲಿಲ್ಲ. ಊರಿನ ಕರಿ ಕೋಟುಗಳೆಲ್ಲ ಬಂದವು. ಕೆಂಚಪ್ಪ ಬಂದು ಕಾಲ ಬಳಿ ನಿಂತಿದ್ದ, ಕೈ ಕಟ್ಟಿಕೊಂಡು. ಹೊರಡುವಾಗ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಂಗೇನಾದ್ರೂ ಹೇಳಿ ಹೋದ್ರಾ ಅಕ್ಕಾರೆ?" ಎಂದು ಕೇಳಿದ. ನಾನು ಇಲ್ಲ ಎಂದು ತಲೆ ಆಡಿಸಿದೆ.

ತಿಂಗಳು ಕಳೆದು ಅವರ ಹೆಂಡತಿ, ನಾನು ಅಮ್ಮ ಎಂದು ಕರೆಯುವವರು, ಆಫೀಸು ಖಾಲಿ ಮಾಡಿಸಿದರು. ಬಿರುದಿನ ಫಲಕಗಳು ಸಂಘದ ಗಾಜಿನ ಕಪಾಟಿಗೆ ಹೋದವು. ಎರಡು ಬೀರು ಲಕೋಟೆಗಳನ್ನು ಏನು ಮಾಡುವುದೆಂದು ಅಮ್ಮ ಕೇಳಿದರು, ನಾನು ನನ್ನ ಮನೆಗೆ ತಂದಿಟ್ಟುಕೊಂಡೆ. ಡ್ರಾಯರು ಖಾಲಿ ಮಾಡುವಾಗ ಆ ಪತ್ರ ಸಿಕ್ಕಿತು. ಮೂರು ಪ್ರತಿ, ಮೂರು ತಾರೀಕು. ಒಂದಕ್ಕೂ ಸಹಿ ಇಲ್ಲ. ಕೊನೆಯದರಲ್ಲಿ ಸಹಿಯ ಜಾಗದಲ್ಲಿ ಪೆನ್ನು ಊರಿದ ಒಂದು ಚುಕ್ಕೆ ಇತ್ತು.

ಅವರ ಸಹಿ ಹಾಕಲು ನನಗೆ ಬರುತ್ತದೆ. ಇಪ್ಪತ್ತಾರು ವರ್ಷ ನೋಡಿದ್ದೇನೆ. ಮನೆಗೆ ತಂದು ಪೆನ್ನು ಹಿಡಿದು ಕೂತೆ. ಕೈ ಬರಲಿಲ್ಲ. ಅವರೇ ಹಾಕದ ಸಹಿಯನ್ನು ನಾನು ಯಾವ ಕೈಯಿಂದ ಹಾಕಲಿ? ಸಹಿ ಇಲ್ಲದಿದ್ದರೇನು, ಓದಲು ಬರುತ್ತದಲ್ಲ, ಓದಲಿ, ನಿಲ್ಲುವುದು ಬಿಡಲಿ ಎಂದುಕೊಂಡು ಮರುದಿನ ಬೆಳಗಾಗುತ್ತಲೇ ಹೊರಟೆ. ಬಸ್ ಸ್ಟ್ಯಾಂಡಿಗೆ ಬಿಟ್ಟವನು ನಮ್ಮ ಬೀದಿಯ ಆಟೋದವನು, ಆ ಹನ್ನೊಂದರಲ್ಲಿ ಒಬ್ಬ. ಎಲ್ಲಿಗೆಂದು ಕೇಳಿದ, ಹೇಳಿದೆ.

"ನಾನು ವಕೀಲ್ರ ಮಾತು ಕೇಳಲಿಲ್ಲ ನೋಡ್ರಿ, ಅದಕ್ಕೇ ಉಳ್ಕಂಡೆ" ಎಂದ. ಸ್ವಲ್ಪ ದೂರ ಹೋದ ಮೇಲೆ, "ದೊಡ್ಡ ಮನುಷ್ಯ, ಆದ್ರೂ" ಎಂದು ಸೇರಿಸಿದ.

ಹರಿಹರದಲ್ಲಿ ಇಳಿದು ನಡೆದೆ. ಅವತ್ತು ಮುಹೂರ್ತ ಇರಲಿಲ್ಲ, ಮಂಟಪದ ಗೇಟಿಗೆ ಬೀಗ. ಎಡಗಡೆಯ ಕಂಬದ ಹತ್ತಿರ ಕೆಂಚಪ್ಪ ನಿಂತಿದ್ದ. ತಲೆ ಪೂರ್ತಿ ಬಿಳಿ, ಖಾಕಿ ಅಂಗಿಯ ಕಾಲರು ಹರಿದಿತ್ತು. ಬುತ್ತಿ ಕೈಯಲ್ಲಿತ್ತು. ಇಷ್ಟು ವರ್ಷದಲ್ಲಿ ಅವನು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಸಾವಿರ ಸಲ ಟೈಪ್ ಮಾಡಿದ್ದೆ, ನೋಡಿರಲಿಲ್ಲ. ಬ್ಯಾಗು ತೆರೆದೆ.

"ವಕೀಲ್ರು ನಿಂಗೆ ಬರೆದಿಟ್ಟ ಕಾಗದ ಸಿಕ್ತು" ಎಂದು ಕೊಟ್ಟೆ.

ಅವನು ಬುತ್ತಿಯನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲು ಕೆಳಗೆ ನೋಡಿದ.

"ಸಹಿ ಇಲ್ಲಲ್ರಿ ಅಕ್ಕಾರೆ."

"ಇಲ್ಲ. ಆದ್ರೆ ಅವರೇ ಹೇಳಿದ್ದು, ನಾನೇ ಟೈಪ್ ಮಾಡಿದ್ದು. ಓದಿ ನೋಡು."

ನಿಧಾನವಾಗಿ ಓದಿದ. ಐದು ಸಾಲಿಗೆ ಎಷ್ಟು ಹೊತ್ತು ಬೇಕು? ಅವನಿಗೆ ಬಹಳ ಹೊತ್ತು ಹಿಡಿಯಿತು. ಓದಿ, ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ವಾಪಸು ಕೊಟ್ಟ.

"ಹೇಳಿರಬೌದ್ರಿ. ಆದ್ರೆ ಸಹಿ ಹಾಕಲಿಲ್ಲಲ್ಲ. ಅಂದ್ರೆ ಅವರಿಗೆ ನಾನು ಬಿಡೋದು ಮನಸ್ಸಿಗೆ ಬರಲಿಲ್ಲ ಅಂತಾತು."

"ಕೆಂಚಪ್ಪಾ, ಇಲ್ಲಿ ಫೌಂಡ್ರಿ ಇಲ್ಲ. ಕಣ್ಣೆದುರಿಗೆ ಕಾಣ್ತೈತಲ್ಲಪ್ಪಾ. ಯಾರಿಗೋಸ್ಕರ ನಿಂತೀಯ?"

ಅವನು ನನಗೆ ಸಮಾಧಾನ ಹೇಳುವವನಂತೆ ನಕ್ಕ. "ಹಂಗಲ್ರಿ. ಐವತ್ತೆಂಟಕ್ಕೆ ರಿಟೈರು ಅಂತ ನಮ್ಮ ಫೌಂಡ್ರಿ ರೂಲ್ಸ್‌ನಾಗೆ ಐತೆ. ನಂಗೆ ಇನ್ನು ಎಂಟು ತಿಂಗಳು. ಇಷ್ಟು ವರ್ಷ ನಿಂತು ಈಗ ಬಿಟ್ರೆ ಸರ್ವೀಸ್ ಮುರೀತು ಅಂತ ಆಗುತ್ತೆ. ಅದಕ್ಕೇ ಅಲ್ಲೇನ್ರಿ ಸಾಹೇಬ್ರು ಅಷ್ಟು ಬಡಿದಾಡಿದ್ದು? ಎಂಟು ತಿಂಗಳು ಮುಗಿದ ದಿನ ಬಂದುಬಿಡ್ರಿ ಅಕ್ಕಾರೆ. ಅವರಿದ್ದಿದ್ರೆ ಬರ್ತಿದ್ರು."

ನಾನು ಆ ಪತ್ರವನ್ನು ಬ್ಯಾಗಿಗೆ ಹಾಕಿಕೊಂಡೆ. ರಸ್ತೆಯಲ್ಲಿ ಫ್ಯಾಕ್ಟರಿ ಬಸ್ಸೊಂದು ಹೋಯಿತು. ಅವನು ಅದನ್ನು ನೋಡಿ, ಎಂಟಾಯಿತು ಎಂದು ಬುತ್ತಿ ಕೈಗೆ ತೆಗೆದುಕೊಂಡ.

"ಈ ತಿಂಗಳ ಕಾಗದ ಟೈಪ್ ಮಾಡಿದ್ರಾ?"

ಮಾಡಿದ್ದೆ. ಬ್ಯಾಗಿನಲ್ಲೇ ಇತ್ತು. ಯಾಕೆ ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕೊಟ್ಟೆ. ಅವನು ಕೆಳಗೆ ನೋಡಿದ, ಮೇಲಿನಿಂದ ಪೂರ್ತಿ ಓದಿದ, ಗೇಟಿನ ಕಂಬಕ್ಕೆ ಒತ್ತಿ ಹಿಡಿದು ಸಹಿ ಮಾಡಿದ.

ಉಳಿದ ಏಳು ತಿಂಗಳ ಕಾಗದಗಳನ್ನೂ ನಿನ್ನೆ ಒಟ್ಟಿಗೇ ಟೈಪ್ ಮಾಡಿಟ್ಟೆ. ತಾರೀಕಿನ ಜಾಗ ಮಾತ್ರ ಬಿಟ್ಟಿದ್ದೇನೆ.